ಚೀಟಿಯ ಮೇಲಿನ ಇಪ್ಪತ್ತೇಳು

ವಾನ್
ರವಿವಾರ, ನವೆಂಬರ್ 18, 2018

ನನ್ನ ಮುದ್ದಿನ ಧನುಶ್ರೀಗೆ,

ಅವ್ವನ ಆಶೀರ್ವಾದಗಳು. ನಿನ್ನ ಅಪ್ಪನ ಎಡಗಾಲೊಂದನ್ನು ಬಿಟ್ಟು ಮನೆಯಲ್ಲಿ ಎಲ್ಲರೂ ಕ್ಷೇಮ. ಕಾಲಿನ ಕಥೆ ಆಮೇಲೆ ಹೇಳುತ್ತೇನೆ, ಗಾಬರಿಯಾಗಬೇಡ. ಪತ್ರ ತಡವಾಯಿತು, ಕ್ಷಮಿಸು ಎಂದು ಬರೆಯಲು ಕೂತರೆ ನನಗೇ ನಗು ಬರುತ್ತದೆ. ತಿಂಗಳು ಹದಿನೈದು ದಿನವಾದರೆ ತಡ ಎನ್ನಬಹುದು, ಮೂರು ವರ್ಷಕ್ಕೆ ಏನನ್ನಬೇಕು? ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ನನ್ನ ಬಾಯಿ ನಿನಗೆ ಗೊತ್ತೇ ಇದೆ, ಸಿಹಿ ಹೇಳಲು ತೆರೆದರೂ ಖಾರವೇ ಬರುತ್ತದೆ. ಪೆನ್ನು ನನಗಿಂತ ಶಾಂತ. ಪೋಸ್ಟಿನವರ ಮುಷ್ಕರ ಇನ್ನೂ ಮುಗಿದಿಲ್ಲವಾದ್ದರಿಂದ ಇದನ್ನು ಬಸವೇಶನ ಕೈಯಲ್ಲೇ ಕಳಿಸುತ್ತಿದ್ದೇನೆ. ಲೈಬ್ರರಿಗೆ ಹೋಗುತ್ತೇನೆಂದು ನಿನ್ನ ತಮ್ಮ ಒಶಾವಾಕ್ಕೆ ಬಂದು ನಿನ್ನ ಕೈಯ ಅನ್ನ ಉಂಡು ಹೋಗುವುದು ನನಗೆ ಮೊದಲಿಂದಲೂ ಗೊತ್ತು. ಲೈಬ್ರರಿಯಿಂದ ಬಂದವನ ಅಂಗಿಗೆ ಒಗ್ಗರಣೆಯ ವಾಸನೆ ಹ್ಯಾಗೆ ಬರುತ್ತದೆ?

ಈಗ ಸುದ್ದಿ ಕೇಳು. ಕೂತುಕೊಂಡು ಓದು. ನಮಗೆ ಲಾಟರಿ ಹತ್ತಿದೆ!

ಕೋಟಿಗಟ್ಟಲೆ ಅಲ್ಲ, ಎದೆ ಹಿಡಿದುಕೊಳ್ಳಬೇಡ. ಶುಕ್ರವಾರದ ಲೊಟ್ಟೊ ಮ್ಯಾಕ್ಸಿನಲ್ಲಿ ಏಳಕ್ಕೆ ಆರು ನಂಬರು ಕೂಡಿ ಬಂದಿವೆ. ಆರು ಸಾವಿರ ಡಾಲರಿನ ಆಸುಪಾಸು ಎಂದ ಅಂಗಡಿಯವನು. ನಿನ್ನೆಯಿಂದ ನನ್ನ ಕಾಲು ನೆಲದ ಮೇಲಿಲ್ಲ. ಇವತ್ತು ಬೆಳಿಗ್ಗೆ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದೆ, ನಿನ್ನ ಅಪ್ಪ ಸಕ್ಕರೆ ಬೇನೆಯ ನೆನಪನ್ನೂ ಮಾಡದೆ ಸುಮ್ಮನೆ ಕುಡಿದರು. ಆದರೆ ನಾನು ಕುಣಿಯುತ್ತಿರುವುದು ದುಡ್ಡಿಗಲ್ಲ. ಯಾವ ನಂಬರಿಗೆ ಎಂಬುದರಲ್ಲಿ ಇದೆ ಎಲ್ಲ.

ನಮ್ಮ ಮನೆಯ ಏಳು ನಂಬರು ನಿನಗೆ ನೆನಪಿರಬೇಕು. ಐದು ಡಾಲರಿಗೆ ಮೂರು ಸಾಲು. ಒಂದು ಸಾಲು ನಾವು ಆರಿಸಬಹುದು, ಉಳಿದ ಎರಡನ್ನು ಮಷೀನು ತನಗೆ ತೋಚಿದ ಹಾಗೆ ಕೊಡುತ್ತದೆ. ನಾವು ಆರಿಸುವ ಸಾಲಿಗಾಗಿ ಅಡುಗೆಮನೆಯ ಮೇಜಿನ ಸುತ್ತ ನಾಲ್ಕೂ ಜನ ಕೂತು ಜಗಳಾಡಿದ್ದೆವಲ್ಲ! ಹುಟ್ಟಿದ ತಾರೀಖು ಹಾಕೋಣ ಎಂದಿದ್ದು ನೀನು. ಅಪ್ಪನದು ಜೂನ್ ಒಂದು. ನನ್ನದು? ಅದೂ ಜೂನ್ ಒಂದು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಊರಿನ ಮಕ್ಕಳನ್ನೆಲ್ಲ ಜೂನ್ ಒಂದಕ್ಕೇ ಹುಟ್ಟಿಸಿಬಿಟ್ಟಿದ್ದರು. ನಾವು ಈ ದೇಶಕ್ಕೆ ಇಳಿದ ದಿನ ಕಾಗದ ನೋಡಿದ ಅಧಿಕಾರಿ, "ಇಬ್ಬರದೂ ಒಂದೇ ಬರ್ತ್‌ಡೇನಾ, ಹೌ ರೊಮ್ಯಾಂಟಿಕ್!" ಎಂದಾಗ ನಿನ್ನ ಅಪ್ಪ ಗಂಭೀರವಾಗಿ "ಯೆಸ್ ಸರ್" ಅಂದಿದ್ದರು. ಹೀಗಾಗಿ ಒಂದು, ಆರು ಎಂಬ ಎರಡೇ ನಂಬರಿನಲ್ಲಿ ನಾವಿಬ್ಬರೂ ಮುಗಿದೆವು. ಬಸವೇಶನ ಒಂಬತ್ತು. ನಮ್ಮ ಮದುವೆಯ ಇಪ್ಪತ್ತೆರಡು. ಇಲ್ಲಿಗೆ ಬಂದಿಳಿದ ಮೂವತ್ತು. ಧಾರವಾಡದ ಬಾಡಿಗೆ ಮನೆಯ ನಲವತ್ತೊಂದು. ಮತ್ತೆ ನಿನ್ನ ಇಪ್ಪತ್ತೇಳು.

ನಿನ್ನ ಇಪ್ಪತ್ತೇಳರ ಬಗ್ಗೆ ಅಪ್ಪನಿಗೆ ಎಂಥ ಜಂಬ ಇತ್ತು! ನಮ್ಮ ಎರಡೂ ಮನೆತನಗಳಲ್ಲಿ ಗಡಿಯಾರ ನೋಡಿ ಬರೆದಿಟ್ಟ ಮೊದಲ ಹುಟ್ಟು ನಿನ್ನದು. ನೀನು ಹುಟ್ಟಿದ ಮರುದಿನವೇ ಮುನಸಿಪಾಲ್ಟಿಗೆ ನಡೆದುಕೊಂಡು ಹೋಗಿ ದಾಖಲೆ ಮಾಡಿಸಿ, ಆ ಕಾಗದವನ್ನು ಬನಿಯನ್ನಿನ ಒಳಗಿಟ್ಟುಕೊಂಡು ಬಂದಿದ್ದರು.

ಆಮೇಲೆ ಏನಾಯಿತು ಎಂಬುದು ನಿನಗೆ ಗೊತ್ತು. ಲಗ್ನಪತ್ರಿಕೆ ಹಂಚಿಯಾಗಿತ್ತು, ಹಾಲ್ ಹಿಡಿದಾಗಿತ್ತು, ಅಕ್ಷತೆಗೆ ಹನ್ನೊಂದು ದಿನ ಇರುವಾಗ ನೀನು ಆ ಹುಡುಗನನ್ನು ಒಲ್ಲೆ ಎಂದು ಬಟ್ಟೆ ಕಟ್ಟಿಕೊಂಡು ಒಶಾವಾಕ್ಕೆ ಹೋದೆ. ಮನೆಮನೆಗೆ ಫೋನ್ ಮಾಡಿ "ಲಗ್ನ ಇಲ್ಲರಿ" ಎಂದು ಹೇಳಿದವಳು ನಾನು. ನೂರಾ ನಲವತ್ತು ಮನೆ, ಧನು. ಅವರಲ್ಲಿ ಪದ್ಮಾ ಅಂತೂ "ಅಯ್ಯ, ನಿಮ್ಮ ಹುಡುಗಿಗೆ ಬ್ಯಾರೆ ಯಾರರ ಇದ್ದಾರೇನ್ರಿ?" ಎಂದು ಕೇಳಿಯೇ ಬಿಟ್ಟಳು. ಆ ಶುಕ್ರವಾರ ಅಪ್ಪ ಚೀಟಿ ತುಂಬಲು ಕೂತಾಗ ನನ್ನ ನೆತ್ತಿ ಉರಿಯುತ್ತಿತ್ತು. "ಇಪ್ಪತ್ತೇಳಕ್ಕ ಕಾಟು ಹಾಕ್ರಿ. ಆಕಿನ್ನ ಲೆಕ್ಕದಾಗ ಹಿಡೀಬ್ಯಾಡ್ರಿ" ಎಂದೆ. ಅವರು ಬಹಳ ಹೊತ್ತು ಚೀಟಿ ನೋಡಿ, "ಹಂಗಾದ್ರ ನಾವು ಆರಿಸೋದ ಬ್ಯಾಡ. ಮೂರೂ ಸಾಲು ಮಷೀನೇ ಕೊಡ್ಲಿ" ಎಂದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಮಷೀನೇ ಆರಿಸಿ ಕೊಡುವ ಕ್ವಿಕ್ ಪಿಕ್ಕಿನ ಪುರಾಣ ಶುರು. ನಾನೂ ಅದನ್ನೇ ಹಾಡಿ ಹೊಗಳಿದೆ. ನಾವೇ ಆರಿಸಿದ ನಂಬರಾದರೆ ಒಂದು ವಾರವೂ ಬಿಡುವ ಹಾಗಿಲ್ಲ, ಬಿಟ್ಟ ವಾರವೇ ಬಂದುಬಿಟ್ಟರೆ ಎಂಬ ದಿಗಿಲು. ಮಷೀನು ಕೊಟ್ಟ ನಂಬರಿಗೆ ಹಿಂದೆ ಮುಂದೆ ಇಲ್ಲ, ಬರದಿದ್ದರೆ ಕಸದ ಡಬ್ಬಿ, ಕರುಳು ಚುರ್ ಅನ್ನುವುದಿಲ್ಲ. ಸಂಖ್ಯಾಶಾಸ್ತ್ರ ಓದುವ ಬಸವೇಶ, "ಅವ್ವ, ಗೆಲ್ಲೋ ಆಡ್ಸ್ ಎರಡಕ್ಕೂ ಸೇಮ್. ಲಾಟರಿ ಬಾಲ್‌ಗೆ ನಿಮ್ಮ ಬರ್ತ್‌ಡೇ ಗೊತ್ತಿಲ್ಲ. ಬರ್ತ್‌ಡೇ ಹಾಕೋರು ಜಾಸ್ತಿ, ಸೋ ಗೆದ್ರೆ ಶೇರ್ ಮಾಡ್ಬೇಕಾಗ್ತದೆ, ದಟ್ಸ್ ಆಲ್" ಎಂದು ಪಾಠ ಮಾಡಿದ. ನಾನೂ ಬಿಡಲಿಲ್ಲ. "ನಿಮ್ಮಪ್ಪನ್ನ ನಾ ಏನು ಆರಿಸಿ ತಂದೀನಾ? ಅವರೂ ಕ್ವಿಕ್ ಪಿಕ್ಕೇ. ಮೂವತ್ತು ವರ್ಷ ನಡದಿಲ್ಲ?" ಎಂದೆ. ಅಪ್ಪ ನಕ್ಕರು. ನೀನು ಹೋದ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

ಈಗ ಕಾಲಿನ ಕಥೆ. ಗುರುವಾರ ಮೊದಲ ಹಿಮ ಬಿತ್ತಲ್ಲ, ಅವತ್ತು ವೇರ್‌ಹೌಸಿನ ಅಂಗಳದಲ್ಲಿ ಜಾರಿ ಕಾಲು ಉಳುಕಿಸಿಕೊಂಡರು. ಮೂಳೆ ಮುರಿದಿಲ್ಲ. ಆ ಕುಂಟುಗಾಲಿನಲ್ಲೇ ದಾರಿಯಲ್ಲಿ ಅಂಗಡಿಗೆ ಹೋಗಿ ಮರುದಿನದ ಟಿಕೆಟ್ ಕೊಂಡೇ ಮನೆಗೆ ಬಂದಿದ್ದಾರೆ, ಅದು ನನಗೆ ಆಗ ಗೊತ್ತಾಗಲಿಲ್ಲ. ನಿನ್ನೆ ಹಾಲು ತರಲು ಹೊರಟವಳು, ಹೇಗೂ ಹೋಗುತ್ತೇನಲ್ಲ, ಟಿಕೆಟ್ಟನ್ನೂ ತೋರಿಸಿಕೊಂಡು ಬರೋಣವೆಂದು ಅವರ ಜಾಕೆಟ್ಟಿನ ಕಿಸೆಗೆ ಕೈ ಹಾಕಿದೆ. "ಅದನ್ನ ಬಿಡು, ನಾ ನೋಡ್ಕೋತೀನಿ!" ಎಂದು ಸೋಫಾದಿಂದಲೇ ಕೂಗಿದರು. ನಾನು ಕೇಳಿದ್ದು ಯಾವಾಗ?

ಅಂಗಡಿಯ ಮಷೀನು ಒಂದು ಹಾಡು ಹಾಡಿತು ನೋಡು! ಅಂಗಡಿಯ ಭಾಯಿ ಗಲ್ಲಾದ ಆಚೆಯಿಂದ, "ಮುಬಾರಕ್ ಹೋ ಆಂಟಿಜೀ! ವಿನ್ನರ್! ಸಿಕ್ಸ್ ನಂಬರ್!" ಎಂದು ಚಪ್ಪಾಳೆ ತಟ್ಟಿದ. ಹಾಲಿನ ಚೀಲ ನನ್ನ ಕೈಯಿಂದ ಜಾರಿ ಬಿತ್ತು. ನನ್ನ ಹರಕು ಹಿಂದಿಯಲ್ಲಿ, ಮಷೀನ್ ಬಹುತ್ ಅಚ್ಛಾ ಹೈ ಎಂದೆ. ಅವನು ಅಲ್ಲವೆಂದು ತಲೆಯಾಡಿಸಿದ. ಇದು ಮಷೀನಿನ ಸಾಲಲ್ಲ ಆಂಟಿಜೀ, ಮೊದಲ ಸಾಲು ಅಂಕಲ್‌ದು, ವಾರವಾರ ಅದೇ ಚೀಟಿ ತರುತ್ತಾರೆ, ಮೂಲೆ ಹರಿದಿದೆ, ಹೊಸದು ತುಂಬಿ ಎಂದರೆ ಕೇಳುವುದಿಲ್ಲ ಎಂದ.

ಆಗ ಓದಿದೆ. ಒಂದು, ಆರು, ಒಂಬತ್ತು, ಇಪ್ಪತ್ತೆರಡು, ಇಪ್ಪತ್ತೇಳು, ಮೂವತ್ತು, ನಲವತ್ತೊಂದು. ಅಂಗಡಿಯಲ್ಲಿ ನಿಂತು ಅತ್ತುಬಿಟ್ಟೆ ಧನು, ಬಿದ್ದ ಹಾಲಿನ ಚೀಲವನ್ನೂ ಎತ್ತಲಿಲ್ಲ. ಭಾಯಿ ಪಾಪ, ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡು ಚಾಕಲೇಟ್ ಕೊಟ್ಟ.

ಮನೆಗೆ ಬಂದು ಟಿಕೆಟ್ಟನ್ನು ಅವರ ಮುಂದೆ ಹಿಡಿದೆ. "ಮಷೀನಿಗೆ ನಮ್ಮ ಧನೂನ ತಾರೀಖು ಹ್ಯಾಂಗ ಗೊತ್ತಾತ್ರಿ?"

ಅವರು ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ ತಲೆ ತಗ್ಗಿಸಿದರು. "ನೀ ಕಾಟು ಹಾಕು ಅಂದಿ, ನನ್ನ ಕಡೆ ಆಗ್ಲಿಲ್ಲ. ಆಕಿ ನಂಬರ್ ಕಂಡ್ರ ನಿನಗ ತ್ರಾಸ ಆಗ್ತದಂತ ಮಷೀನ್ ಕೊಟ್ಟಿದ್ದು ಅಂದೆ."

"ಮೂರು ವರ್ಷ?"

"ಬಿಡಲಿಕ್ಕೆ ಬರ್ತದೇನ? ನಾ ಬಿಟ್ಟ ವಾರನ ಬಂದಿದ್ರ?" ಎಂದರು. ಆಮೇಲೆ ಕನ್ನಡಕ ಹಚ್ಚಿ, ಟಿಕೆಟ್ಟನ್ನು ಗೆದ್ದ ನಂಬರುಗಳಿಗೆ ತಾಳೆ ನೋಡಿ, ತಪ್ಪಿದ ನಂಬರು ಯಾವುದೆಂದು ಹುಡುಕಿದರು. ಇಪ್ಪತ್ತೆರಡು! "ನೋಡಽ, ಮಗಳು ಬಂದ್ಲು, ನಮ್ಮ ಲಗ್ನಾನ ಕೈ ಕೊಟ್ತು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಬಸವೇಶ ಬೇಸ್‌ಮೆಂಟಿನಿಂದ ಓಡಿ ಬಂದು "ವಾಟ್ ಹ್ಯಾಪನ್ಡ್?" ಎಂದ. ಇಷ್ಟು ಗದ್ದಲ ಈ ಮನೆ ಕೇಳಿ ಬಹಳ ದಿನವಾಗಿತ್ತು.

ಬರುವ ರವಿವಾರ ನೀನು ಬರಬೇಕು. ಆ ದುಡ್ಡಿನಲ್ಲಿ ಏನು ಮಾಡೋಣ ಎಂದು ನಾಲ್ಕೂ ಜನ ಮತ್ತೆ ಆ ಮೇಜಿನ ಸುತ್ತ ಕೂತು ಜಗಳಾಡೋಣ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಮಾಡುತ್ತೇನೆ. ಲಗ್ನದ ಮಾತು ನನ್ನ ಬಾಯಿಂದ ಬರುವುದಿಲ್ಲ, ಆಣೆ. ಒಲ್ಲದವನ ಕೂಡ ಬಾಳುವುದಕ್ಕಿಂತ ಹನ್ನೊಂದು ದಿನ ಮೊದಲು ಒಲ್ಲೆ ಎನ್ನುವುದು ಲೇಸು. ಇದನ್ನು ಒಪ್ಪಲು ನನಗೆ ಮೂರು ವರ್ಷ ಹಿಡಿಯಿತು.

ಟೊಪ್ಪಿಗೆ ಹಾಕಿಕೊಳ್ಳದೆ ಹೊರಗೆ ಹೋಗಬೇಡ. ಹೊಟ್ಟೆ ತುಂಬ ಉಣ್ಣು. ಶಿವ ನಿನ್ನ ಬೆನ್ನಿಗಿರಲಿ, ನಿನ್ನ ಕೈ ಹಿಡಿದದ್ದೆಲ್ಲ ಕೈಗೂಡಲಿ ಮಗಳೆ.

ನಿನ್ನ ಅವ್ವ
ಅಕ್ಕಮ್ಮ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನೆ ನಕ್ಕು ಮುಗಿದ ಮೇಲೆ ಅಪ್ಪ ಒಂದು ಮಾತಾಡಿದರು: "ಮೂರು ವರ್ಷದಾಗ ಒಂದು ಫೋನ್ ಸೈತ ಮಾಡ್ಲಿಲ್ಲ. ಆಕಿಗೆ ನಾ ಬ್ಯಾಡಾದೆ. ಇರಲಿ, ನಂಬರಾದ್ರೂ ನನ್ನ ಕಡೆ ಇತ್ತು." ನೀನು ಫೋನ್ ಮಾಡಿದ್ದೆ. ನೀನು ಮನೆ ಬಿಟ್ಟ ವರ್ಷದ ದೀಪಾವಳಿಯ ದಿನ, ಅಪ್ಪ ಶಿಫ್ಟಿನಲ್ಲಿದ್ದಾಗ. "ನಿನ್ನ ದನಿ ಕೇಳಲಿಕ್ಕೂ ಅಪ್ಪ ಒಲ್ಲೆ ಅಂತಾರ, ಇನ್ನೊಮ್ಮೆ ಮಾಡಬ್ಯಾಡ" ಎಂದು ಹೇಳಿ ಇಟ್ಟೆ. ಬಸವೇಶನಿಗೂ ಹಾಗೆಯೇ ಹೇಳಿ ಬಾಯಿ ಮುಚ್ಚಿಸಿದೆ. ಆ ಮಾತು ಅಪ್ಪನದಲ್ಲ, ಧನು. ಅವರು ಎಂದೂ ಹಾಗೆ ಅಂದಿಲ್ಲ. ಅದು ನನ್ನ ಸಿಟ್ಟಿನ ಮಾತು, ಅವರ ಹೆಸರಿನಲ್ಲಿ ಆಡಿದೆ. ನೀನು ಫೋನ್ ಮಾಡಿದ್ದು ಅವರಿಗೆ ಇನ್ನೂ ಗೊತ್ತಿಲ್ಲ. ರವಿವಾರ ನಿನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ "ಯಾಕವಾ, ಒಂದು ಫೋನ್ ಮಾಡ್ಲಿಲ್ಲ?" ಎಂದು ಕೇಳುತ್ತಾರೆ. ನೀನು ಸುಮ್ಮನಿರು. ಉತ್ತರ ನಾನು ಕೊಡುತ್ತೇನೆ.