ಎಲೆಹಸಿರು ರೇಷ್ಮೆಯ ಪರದೆ

ಚಾಮರಾಜಪುರಂ, ಮೈಸೂರು
೨೦–೧–೧೯೫೯

ಮನೆಯವರಿಗೆ ಚೂಡಾಮಣಿಯ ನಮಸ್ಕಾರಗಳು.

ಹೇಗೆ ಸಂಬೋಧಿಸಬೇಕೆಂದು ಸ್ವಲ್ಪ ಹೊತ್ತು ಯೋಚಿಸಿದೆ. ಮದುವೆಯಾದ ಹೊಸತರಲ್ಲಿ ಬರೆಯುತ್ತಿದ್ದ ಒಕ್ಕಣೆಗಳೆಲ್ಲ ಈಗ ನಾಟಕದ ಮಾತಿನಂತೆ ಕೇಳಿಸುತ್ತವೆ. ಗಂಡನ ಹೆಸರು ಬರೆಯುವ ರೂಢಿ ನಮ್ಮಲ್ಲಿಲ್ಲ. ಹೇಗೂ ಮನೆ ಕಟ್ಟಿಸಿದ್ದೀರಿ, ಮನೆಯವರೇ ಎಂದರೆ ತಪ್ಪಾಗಲಾರದು.

ಮುಂಬಯಿಯಿಂದ ನೀವು ಬರೆದ ಕಾಗದ ತಲುಪಿತು. ಮೈಸೂರಿಗೇ ವರ್ಗವಾಗಿದೆ, ಜಯಲಕ್ಷ್ಮಿಪುರಂನ ಮನೆ ಮುಗಿಯುತ್ತ ಬಂದಿದೆ, ಮಾಘದಲ್ಲಿ ಗೃಹಪ್ರವೇಶ, ಅಮ್ಮನೂ ಅಲ್ಲಿಗೇ ಬರುತ್ತಾರೆ, ಪರದೆ, ದೀಪ, ಕುರ್ಚಿ, ಮೇಜು ಎಲ್ಲವನ್ನೂ ನಿನ್ನ ಇಷ್ಟದಂತೆ ಆರಿಸು ಎಂದಿದ್ದಿರಿ. ಕೊನೆಯ ಸಾಲಿನಲ್ಲಿ, ಪೂಜೆಗೆ ಮಣೆಯ ಮೇಲೆ ಕೂತು ಎದ್ದು ಹೋಗುತ್ತೀಯೋ, ಇರುವುದಕ್ಕೇ ಬರುತ್ತೀಯೋ ಎಂದು ಕೇಳಿದ್ದಿರಿ. ಅದಕ್ಕೆ ಉತ್ತರ ಈ ಕಾಗದದ ಕೊನೆಯಲ್ಲಿದೆ. ಮೊದಲು ವಹಿಸಿದ ಕೆಲಸದ ವರದಿ ಒಪ್ಪಿಸುತ್ತೇನೆ. ಹಾಳೆ ತಿರುವಿ ಕೊನೆಯನ್ನೇ ಮೊದಲು ಓದಬೇಡಿ. ಆ ಚಾಳಿ ನಿಮಗಿದೆ.

ಹಾಲಿಗೆ ಟ್ಯೂಬ್‌ಲೈಟು ಬೇಕೆಂದಿದ್ದಿರಿ. ಹಾಕಿಸಿಲ್ಲ. ಆ ಬೆಳಕಿನಲ್ಲಿ ಹಣೆಯ ಕುಂಕುಮ ನೇರಳೆಯಾಗಿ ಕಾಣುತ್ತದೆ, ಬಂದ ನೆಂಟರೆಲ್ಲ ಈಗತಾನೇ ಜ್ವರ ಬಿಟ್ಟು ಎದ್ದವರ ಹಾಗೆ ಕಾಣುತ್ತಾರೆ. ಅದರ ಬದಲು ಹಾಲುಬಿಳುಪಿನ ಗಾಜಿನ ಗುಂಡು ದೀಪಗಳನ್ನು ಹಿತ್ತಾಳೆಯ ಕೊಳವೆಯಿಂದ ಇಳಿಬಿಡಿಸಿದ್ದೇನೆ. ನೀವು ಪತ್ರಿಕೆ ಓದುವ ಕುರ್ಚಿಯ ಪಕ್ಕಕ್ಕೆ ಎತ್ತರದ ನಿಲುವು ದೀಪ, ಅದಕ್ಕೆ ಕೆನೆಬಣ್ಣದ ಬಟ್ಟೆಯ ಕೊಡೆ. ಬೆಳಕು ಕಾಗದದ ಮೇಲೆ ಬೀಳುತ್ತದೆ, ಎದುರಿಗೆ ಕೂತವರ ಕಣ್ಣಿಗೆ ಬೀಳುವುದಿಲ್ಲ. ಅಡುಗೆಮನೆಗೆ ಮಾತ್ರ ಟ್ಯೂಬ್‌ಲೈಟು. ಅಕ್ಕಿಯ ಕಲ್ಲು ಆರಿಸುವುದಕ್ಕೆ ಅದೇ ಸರಿ.

ಪರದೆಗೆ ದೊಡ್ಡ ಹೂವಿನ ಬಟ್ಟೆ ಮುಂಬಯಿಯಲ್ಲಿ ಈಗ ಬಹಳ ಫ್ಯಾಷನ್ನು ಎಂದು ತುಂಡೊಂದನ್ನು ಲಕೋಟೆಯಲ್ಲಿಟ್ಟು ಕಳಿಸಿದ್ದಿರಿ. ನೋಡಿದೆ. ಅದರ ಗುಲಾಬಿಗಳು ಒಂದೊಂದೂ ಎಲೆಕೋಸಿನಷ್ಟಿವೆ. ಅವುಗಳ ನಡುವೆ ಕೂತು ಕಾಫಿ ಕುಡಿಯುವುದು ನನ್ನಿಂದಾಗದು. ದೇವರಾಜ ಮಾರುಕಟ್ಟೆಯ ಬಳಿಯ ಜವಳಿ ಅಂಗಡಿಯಲ್ಲಿ ಹುಲ್ಲಿನ ಬಣ್ಣಕ್ಕೆ ಇಟ್ಟಿಗೆಗೆಂಪು ಪಟ್ಟೆಯ ಕೈಮಗ್ಗದ ಬಟ್ಟೆ ಸಿಕ್ಕಿತು. ನೆಲ ಕೆಂಪು ಗಾರೆಯದಾದ್ದರಿಂದ ಎರಡೂ ಹೊಂದಿಕೊಳ್ಳುತ್ತವೆ. ಥಾನನ್ನು ಬೀದಿಗೆ ತಂದು ಬಿಸಿಲಲ್ಲಿ ಹಿಡಿದು ನೋಡುತ್ತಿದ್ದರೆ ಅಂಗಡಿಯವರು, "ಹೊರಗ್ಯಾಕ್ ತಗೊಂಡ್ಹೋಗ್ತೀರಮ್ಮಾ, ಇಲ್ಲೇ ಇನ್ನೊಂದ್ ದೀಪ ಹಾಕ್ತೀನಿ" ಎಂದು ಹಿಂದೆಯೇ ಬಂದರು. ನಿಮ್ಮ ಅಂಗಡಿಯ ದೀಪವನ್ನೂ ಜೊತೆಗೆ ಕೊಡುವುದಾದರೆ ಅಲ್ಲೇ ನೋಡುತ್ತೇನೆ ಎಂದೆ. ಅರಮನೆಯಲ್ಲಿ ಪರದೆ, ಜಮಖಾನ, ದೀಪಗುಚ್ಛಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಅಪ್ಪ ಬಟ್ಟೆಯನ್ನು ಯಾವಾಗಲೂ ಕಿಟಕಿಯ ಬಳಿಗೇ ಒಯ್ದು ನೋಡುತ್ತಿದ್ದರು. ನನಗೆ ಅವರಿಂದ ಬಂದ ಆಸ್ತಿ ಅಷ್ಟೇ.

ಪಡುವಣ ಕಿಟಕಿಗಳ ಪರದೆಗೆ ಒಳಬಟ್ಟೆ ಕೊಡಿಸಿದ್ದೇನೆ, ಇಲ್ಲದಿದ್ದರೆ ಬೇಸಿಗೆ ಕಳೆಯುವಷ್ಟರಲ್ಲಿ ಬಣ್ಣ ಹೋಗಿರುತ್ತದೆ. ಸೋಫಾಕ್ಕೆ ರೆಕ್ಸಿನ್ ಬೇಡವೆಂದೆ. ಏಪ್ರಿಲ್ ತಿಂಗಳಲ್ಲಿ ಅದರ ಮೇಲೆ ಕೂತವರು ಏಳುವಾಗ ಚರ್ರೆಂದು ಸದ್ದಾಗುತ್ತದೆ, ಅದು ಯಾರಿಗೂ ಮರ್ಯಾದೆಯಲ್ಲ. ಬೀಟೆಮರದ ಚೌಕಟ್ಟಿಗೆ ಬೆತ್ತ ಹೆಣೆಸಿ ಮೇಲೆ ತೆಳುವಾದ ದಿಂಬು ಹಾಕಿಸಿದ್ದೇನೆ.

ಇನ್ನು ಮಲಗುವ ಕೋಣೆ.

ಅಲ್ಲಿಗೆ ಹೋಗಿ ಬಾಗಿಲು ಹುಡುಕಿದೆ. ಕೋಣೆಗೂ ಹಾಲಿಗೂ ನಡುವೆ ಬಾಗಿಲೇ ಇಲ್ಲ. ಅಗಲವಾದ ಒಂದು ಕಮಾನು. ಮೇಸ್ತ್ರಿ ಪುಟ್ಟಣ್ಣನವರನ್ನು ಕೇಳಿದ್ದಕ್ಕೆ, "ಸಾಹೇಬ್ರು ಬಾಗ್ಲು ಬ್ಯಾಡ ಅಂದವ್ರೆ ಕಣ್ರಮ್ಮ. ಬೊಂಬಾಯ್ ಫ್ಯಾಸನ್ನಂತೆ. ಪರದೆ ಇಳೀಬುಟ್ರೆ ಆಯ್ತಂತೆ" ಎಂದರು. ನಿಮ್ಮ ಕಾಗದದಲ್ಲೂ ಅದೇ ಇತ್ತು: ಕಮಾನಿಗೆ ನಿನಗೆ ಇಷ್ಟವಾದ ಪರದೆ ಹಾಕಿಸು, ಈ ಸಲ ಯಾರೂ ತೆಗೆಯುವುದಿಲ್ಲ. ಇದನ್ನು ಬರೆಯುವಾಗ ದೊಡ್ಡ ಉದಾರತನ ತೋರಿಸುತ್ತಿದ್ದೇನೆಂದು ನಿಮಗೆ ಅನ್ನಿಸಿರಬೇಕು.

ನಿಮ್ಮ ಚಿಕ್ಕಪ್ಪಂದಿರೂ ಕೂಡಿದ್ದ ನಜರ್‌ಬಾದಿನ ಮನೆಯಲ್ಲಿ ನಮ್ಮ ಕೋಣೆಯೆಂದರೆ ಅದು ದಾರಿ. ನಡುಮನೆಯಿಂದ ದೇವರಮನೆಗೆ ಹೋಗುವವರೆಲ್ಲ ನಮ್ಮ ಹಾಸಿಗೆಯ ಪಕ್ಕದಲ್ಲೇ ಹಾದುಹೋಗಬೇಕು. ಅಪ್ಪ ಮದುವೆಗೆ ಕೊಟ್ಟಿದ್ದ ಎಲೆಹಸಿರು ರೇಷ್ಮೆಯ ಥಾನನ್ನು ಕತ್ತರಿಸಿ, ಅಂಚಿಗೆ ಕೆನೆಬಣ್ಣದ ಪಟ್ಟಿ ಕೊಟ್ಟು, ನಡುಮನೆಯ ಕಡೆಗೆ ಪರದೆ ಹೊಲಿದು ಹಾಕಿದೆ. ವಾರ ಕಳೆಯುವಷ್ಟರಲ್ಲಿ ಅದು ಅಲ್ಲಿರಲಿಲ್ಲ. ನಿಮ್ಮನ್ನು ಕೇಳಿದಾಗ ತಲೆ ತಗ್ಗಿಸಿಕೊಂಡೇ, ಅಮ್ಮ ಮಡಿಯಲ್ಲಿ ಓಡಾಡುವಾಗ ಪರದೆ ತಗುಲುತ್ತದಂತೆ, ಅವರೇ ತೆಗೆದಿಟ್ಟರು, ನಾನೇನು ಮಾಡಲಿ ಎಂದಿರಿ. ನಾನು ಪೆಟ್ಟಿಗೆ ಕಟ್ಟಿಕೊಂಡು ಅಪ್ಪನ ಮನೆಗೆ ಬಂದೆ. ನೀವು ಮುಂಬಯಿಯ ಕೆಲಸ ಹಿಡಿದಿರಿ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡತೊಡಗಿದೆ. ಪರದೆಗೋಸ್ಕರ ಗಂಡನನ್ನು ಬಿಟ್ಟವಳು ಎಂದು ಈ ಬೀದಿಯಲ್ಲಿ ನನಗೆ ಹೆಸರಿದೆ. ಅದನ್ನೂ ಅಭ್ಯಾಸ ಮಾಡಿಕೊಂಡಿದ್ದೇನೆ.

ಎರಡು ವಾರದ ಹಿಂದೆ ಹೊಸ ಮನೆಯಲ್ಲಿ ಪರದೆಯ ಕಂಬಿ ಅಳೆಯಿಸುತ್ತಿದ್ದಾಗ ಅತ್ತೆಯವರು ಟಾಂಗಾದಲ್ಲಿ ಬಂದರು. ದೇವರಮನೆ ನೋಡಬೇಕೆಂದು ಬಂದವರು. ಇಷ್ಟು ವರ್ಷದಲ್ಲಿ ಮದುವೆ ಮುಂಜಿಗಳಲ್ಲಿ ದೂರದಿಂದ ನೋಡಿದ್ದೆನೇ ಹೊರತು ಮಾತಾಡಿರಲಿಲ್ಲ. ಕೆಲಸದವರ ಮುಂದೆ ರಂಪವಾಗಬಾರದೆಂದು ನಾನೇ ಮರ್ಯಾದೆಯಾಗಿ, ದೇವರಮನೆಗೆ ಯಾವ ಬಟ್ಟೆಯ ಪರದೆ ಹಾಕಿಸಲಿ ಎಂದು ಕೇಳಿದೆ. ಅವರು ಕೈಚೀಲದಿಂದ ಏನೋ ತೆಗೆದು ಬಿಡಿಸಿದರು. ನನ್ನ ಎಲೆಹಸಿರು ಪರದೆ. ಮಡಿಕೆಗಳಲ್ಲಿ ಲವಂಗದ ವಾಸನೆ. ಎಲ್ಲೂ ಒಂದು ಹುಳು ಬಿದ್ದಿಲ್ಲ.

ಇದು ಮಡಿಗೆ ತಗುಲುತ್ತದಲ್ಲ ಎಂದೆ. ನನ್ನ ದನಿಯಲ್ಲಿ ಕೊಂಕಿತ್ತು, ಇಲ್ಲವೆನ್ನುವುದಿಲ್ಲ. ಅತ್ತೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ರೇಷ್ಮೆ ತಗುಲಿದ್ರೆ ಮಡಿ ಕೆಡುತ್ತೇನೇ? ಎಂಥಾ ಮನೇಲಿ ಹುಟ್ಟಿದೋಳೇ ನೀನು! ಅವನೇ ಕಣೆ ಬಂದು, ಅಮ್ಮಾ ಅದನ್ನ ತೆಗೆದುಬಿಡು, ಹೆಂಡತಿ ಸೆರಗು ಹಿಡ್ಕೊಂಡ ಅಂತ ಚಿಕ್ಕಪ್ಪಂದಿರು ಆಡ್ಕೋತಾರೆ ಅಂದದ್ದು. ನಾನು ತೆಗೆಸ್ದೆ ಅಂತ ಹೇಳಿದ್ನೇ ನಿನಗೆ?"

ಹೌದೆಂದೆ. ಅವರು ಪರದೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಬಿದ್ದಿದ್ದ ಮರದ ದಿಮ್ಮಿಯ ಮೇಲೆ ಕೂತರು. ನೀವಿಬ್ಬರೂ ಯಾವುದಕ್ಕೋ ಮನಸ್ಸು ಮುರಿದುಕೊಂಡಿರಿ, ನನ್ನ ಹತ್ತಿರ ಯಾರೂ ಏನೂ ಹೇಳಲಿಲ್ಲ, ಕೇಳಿದರೆ ಎಲ್ಲಿ ತಪ್ಪಾಗುತ್ತದೋ ಎಂದು ಸುಮ್ಮನಿದ್ದೆ ಎಂದರು. ಎಂದಾದರೂ ಬರುತ್ತೀಯೆಂದು ಪ್ರತಿ ದೀಪಾವಳಿಗೆ ಇದನ್ನು ಬಿಸಿಲಿಗೆ ಹಾಕಿ ಎತ್ತಿಡುತ್ತಿದ್ದೆ ಎಂದರು.

ರೇಷ್ಮೆಗೆ ಮೈಲಿಗೆಯಿಲ್ಲ. ನಮ್ಮಲ್ಲಿ ಆಡುವ ಮಗುವಿಗೂ ಗೊತ್ತಿರುವ ವಿಷಯ. ಅಪ್ಪ ರೇಷ್ಮೆಯ ಪಂಚೆಯುಟ್ಟು ಪೂಜೆಗೆ ಕೂರುವುದನ್ನು ನೋಡಿಕೊಂಡೇ ಬೆಳೆದವಳು ನಾನು. ನೀವು ಮಡಿ ಎಂದಿರಿ, ನಾನು ನಂಬಿದೆ. ಅತ್ತೆಯೆಂದರೆ ಹೀಗೇ ಇರುತ್ತಾರೆಂದು ನಂಬುವುದು ಸುಲಭವಾಗಿತ್ತು. ನಾನು ನಂಬುತ್ತೇನೆಂದು ಬಲ್ಲವರಾಗಿಯೇ ನೀವು ಹಾಗೆ ಹೇಳಿದಿರಿ. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಪರದೆ ಬೇಡ, ನನಗೆ ನಾಚಿಕೆಯಾಗುತ್ತದೆ ಎಂದು ನನ್ನೆದುರಿಗೇ ಹೇಳಿದ್ದರೆ ಜಗಳವಾಡಿ, ಒಂದು ಹೊತ್ತು ಊಟ ಬಿಟ್ಟು ಸುಮ್ಮನಾಗುತ್ತಿದ್ದೆ. ಆ ಮನೆಯಲ್ಲೇ ಇರುತ್ತಿದ್ದೆ.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಗೃಹಪ್ರವೇಶಕ್ಕೆ ಬರುತ್ತೇನೆ. ಮಣೆಯ ಮೇಲೆ ನಿಮ್ಮ ಪಕ್ಕದಲ್ಲಿ ಕೂರುತ್ತೇನೆ. ಎದ್ದು ಹೋಗುವುದಿಲ್ಲ. ಅಲ್ಲೇ ಇರುತ್ತೇನೆ. ಇಷ್ಟು ವರ್ಷ ಸುಮ್ಮಸುಮ್ಮನೆ ಮುನಿಸು ಹೊತ್ತು ದೂರವಿಟ್ಟದ್ದಕ್ಕೆ ಅತ್ತೆಯವರೊಂದಿಗೆ ಕೂತು ಮಾತಾಡುವುದು ಬಹಳಷ್ಟಿದೆ. ಅಲ್ಲದೆ ಒಂದೊಂದು ಕಿಟಕಿಯ ಮುಂದೆಯೂ ನಿಂತು ಆರಿಸಿದ ಮನೆಯನ್ನು ಬಿಟ್ಟುಕೊಡಲು ನನಗೂ ಮನಸ್ಸಿಲ್ಲ. ಶಾಲೆಯ ಕೆಲಸ ಬಿಡುವುದಿಲ್ಲ. ಜಯಲಕ್ಷ್ಮಿಪುರಂನಿಂದ ಬಸ್ಸಿದೆ.

ಎಲೆಹಸಿರು ಪರದೆಯನ್ನು ದೇವರಮನೆಗೇ ಹಾಕಿಸಿದೆ. ಅಳತೆ ಸ್ವಲ್ಪ ಗಿಡ್ಡವಾಯಿತು. ಅತ್ತೆಯವರು ತಮ್ಮ ಹಳೆಯ ರೇಷ್ಮೆ ಸೀರೆಯ ಅಂಚು ಕೊಟ್ಟರು, ಕೆಳಗೆ ಸೇರಿಸಿ ಹೊಲಿದಿದ್ದೇನೆ. ಚೆನ್ನಾಗಿ ಕಾಣುತ್ತದೆ.

ಆರೋಗ್ಯ ನೋಡಿಕೊಳ್ಳಿ. ರೈಲಿನಲ್ಲಿ ಬರುವಾಗ ಗಾಜಿನ ಸಾಮಾನೇನೂ ತರಬೇಡಿ, ಎಲ್ಲ ಇಲ್ಲೇ ಸಿಕ್ಕಿದೆ.

ಇತಿ,
ಚೂಡಾಮಣಿ

ಮರೆತ ಮಾತು: ಮಲಗುವ ಕೋಣೆಯ ಕಮಾನಿಗೆ ಏನು ಮಾಡಿದೆನೆಂದು ಬರೆಯಲಿಲ್ಲ. ಪುಟ್ಟಣ್ಣನವರಿಂದ ಅದನ್ನು ಇಟ್ಟಿಗೆಯಲ್ಲಿ ಕಟ್ಟಿಸಿ, ತೇಗದ ಬಾಗಿಲು ಇಡಿಸಿದ್ದೇನೆ. ಅತ್ತೆಯವರು ಪಕ್ಕದಲ್ಲೇ ನಿಂತು, ಗಟ್ಟಿ ಮರ ನೋಡಿ ಹಾಕಿ ಎಂದು ಹೇಳಿದರು. ಅದು ನನ್ನ ಕೋಣೆ. ನಿಮ್ಮ ಮಂಚವನ್ನು ಮುಂದಿನ ಕೋಣೆಯಲ್ಲಿ ಹಾಕಿಸಿದ್ದೇನೆ, ಅಲ್ಲಿ ಗಾಳಿ ಚೆನ್ನಾಗಿದೆ, ತಲೆಯ ಬಳಿ ಓದುವ ದೀಪವೂ ಇದೆ. ನನ್ನ ಬಾಗಿಲಿಗೆ ಪರದೆಯಿಲ್ಲ. ಚಿಲಕ ಒಳಗಡೆ ಇದೆ. ನನ್ನ ಹತ್ತಿರ ಹೇಳುವುದೇನಾದರೂ ಇದ್ದರೆ, ಅಮ್ಮನ ಕೈಲಿ ಹೇಳಿಕಳಿಸದೆ, ನೀವೇ ಬಂದು ಬಾಗಿಲು ತಟ್ಟಿ.