ಡೊಂಬಿವಲಿಯಲ್ಲಿ ಇಳಿಸಿದರು

ಲೀಲಾಧರಾ,

ನಿನ್ನ ಕಡೆಗೆ ಎರಡು ದಿನ ಬಂದುಹೋದ ಖರ್ಚು ಇಷ್ಟು: ಅಂಗಿಯ ಒಂದು ಗುಂಡಿ, ಸ್ವಲ್ಪ ಮರ್ಯಾದೆ, ಕಿಟಕಿ ಪಕ್ಕದ ಒಂದು ಸೀಟು.

ಕಲ್ಯಾಣದ ಹೋಟೆಲಿಗೆ ಗ್ರೈಂಡರ್ ಮಾರಲು ಮುಂಬಯಿ ಹತ್ತಿರದ ಠಾಣೆ ಊರಿನಲ್ಲಿ ಲೋಕಲ್ ರೈಲು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, ಪಕ್ಕದಲ್ಲೇ ನಿಂತಿದ್ದ ಕಲಬುರಗಿಯ ಮಾಪಣ್ಣ ಎಂಬವನು, "ಎಲ್ಲಿ ಇಳೀತೀರಿ ಅಣ್ಣಾರ?" ಎಂದ. ಎಷ್ಟು ಪ್ರೀತಿಯ ಜನ ಎಂದುಕೊಂಡು, ಕಲ್ಯಾಣ ಎನ್ನುವ ಬದಲು ಅದಕ್ಕೂ ಮೊದಲು ಬರುವ ನಿನ್ನ ಊರಿನ ಹೆಸರು ಹೇಳಿ, "ಡೊಂಬಿವಲಿ. ಅಲ್ಲಿ ನನ್ನ ಗೆಳೆಯ ಇದ್ದಾನೆ" ಎಂದುಬಿಟ್ಟೆ. ನಾನೂ ನೀನೂ ಮಾತು ಬಿಟ್ಟು ವರ್ಷಗಳಾದವು ಎಂದು ಅವನಿಗೇಕೆ ಹೇಳಲಿ? ಇಲ್ಲಿನ ರೈಲಿನಲ್ಲಿ 'ಎಲ್ಲಿ ಇಳೀತೀರಿ' ಎಂದು ಕೇಳುವುದು ಇಳಿಯುವವರ ಸೀಟು ಹಿಡಿಯಲು ಎಂದು ನನಗೇನು ಗೊತ್ತು?

ಡೊಂಬಿವಲಿ ಬಂತು. "ಏಳ್ರಿ ಅಣ್ಣಾರ, ಗೆಳೆಯಾ ಕಾಯ್ತಿರ್ತಾನ" ಎಂದು ಮಾಪಣ್ಣ ಎಬ್ಬಿಸಿಯೇ ಬಿಟ್ಟ. ನಾನು ಕಲ್ಯಾಣಕ್ಕೆ ಹೋಗಬೇಕು ಎನ್ನುವಷ್ಟರಲ್ಲಿ ಇಳಿಯುವ ಜನ ಅಂಗಿಯ ಗುಂಡಿ ಕಿತ್ತು ನನ್ನನ್ನು ಪ್ಲಾಟ್‌ಫಾರ್ಮಿಗೆ ತಳ್ಳಿದ್ದರು.

ನಿನ್ನ ಮನೆ ಸ್ಟೇಷನ್ನಿಗೆ ಹತ್ತಿರವಂತೆ. ಬೆಂಚಿನಲ್ಲಿ ಕೂತು ವಡಾಪಾವ್ ತಿಂದೆ. ಹೊರಗೆ ಹೋಗುವ ಮೆಟ್ಟಿಲನ್ನು ತುಂಬಾ ಹೊತ್ತು ನೋಡಿದೆ. ಆಮೇಲೆ ಬಂದ ಗಾಡಿಯಲ್ಲಿ ನಿಂತುಕೊಂಡೇ ಕಲ್ಯಾಣಕ್ಕೆ ಹೋದೆ.

ಲಾಭದ ಲೆಕ್ಕವನ್ನೂ ಬರೆದುಬಿಡುತ್ತೇನೆ. ಮಾಪಣ್ಣನಿಗೆ ಸೀಟು ಸಿಕ್ಕಿತು. ಹೋಟೆಲಿನವನಿಗೆ ಗ್ರೈಂಡರ್ ಸಿಕ್ಕಿತು, ನನಗೆ ವ್ಯಾಪಾರ ಕುದುರಿತು. ನಿನಗೆ, ಈ ಕಾಗದ ಬರುವವರೆಗೆ, ನಾನು ಬಂದಿದ್ದೆ ಎಂಬ ಸುದ್ದಿಯೂ ಸಿಗಲಿಲ್ಲ.