ಊಟ ಮಾಡಿ ಮಲಗುವ ಕಾರ್ಖಾನೆ

ಮಾನ್ಯ ಮನೆಗಂದಾಯದ ಅಧಿಕಾರಿಗಳೇ,

ಹಿರಿಯ ನಾಗರಿಕರ ಸ್ವಂತ ಮನೆಗೆ ಅರ್ಧ ಕಂದಾಯ ಮಾಫಿ ಎಂದು ನಿಮ್ಮ ಕಚೇರಿ ಆಟೋಗೆ ಮೈಕು ಕಟ್ಟಿಸಿ ಸಾರಿತು. ಅರ್ಜಿ ಹಾಕಿದೆ. ನೀವು ಮಾಫಿ ಕೊಡಲಿಲ್ಲ, ಬಡ್ತಿ ಕೊಟ್ಟಿರಿ. ನಿಮ್ಮ ಉತ್ತರದ ಪ್ರಕಾರ ನನ್ನದು ಮನೆಯಲ್ಲ, ಕಾರ್ಖಾನೆ. ಜೀವಮಾನವೆಲ್ಲ ಗೊಂಬೆ ಕಡೆದರೂ ಉದ್ಯಮಿಯಾಗದವನು ಎಪ್ಪತ್ತೆರಡನೇ ವಯಸ್ಸಿನಲ್ಲಿ ಮಲಗಿದ್ದಲ್ಲೇ ಆಗಿಬಿಟ್ಟೆ.

ನಡೆದದ್ದಿಷ್ಟು. ನಿಮ್ಮ ಇನ್ಸ್‌ಪೆಕ್ಟರು ಅಳತೆಗೆ ಬಂದವರು ಬಾಗಿಲಲ್ಲಿದ್ದ ನನ್ನ ಹೆಂಡತಿ ಮುನವ್ವರಾಳನ್ನು, "ಯಜಮಾನ್ರು ಎಲ್ಲವ್ರಮ್ಮ?" ಎಂದು ಕೇಳಿದರು. ಅವಳು, "ಕಾರ್ಖಾನದಾಗವ್ರೆ ಸಾ, ಊಟ ಮಾಡಿ ಒಸಿ ಮಲಗವ್ರೆ" ಎಂದಳು. ನಮ್ಮ ಗೊಂಬೆಯವರ ಬೀದಿಯಲ್ಲಿ ಮರ ಕಡೆಯುವ ಕೋಣೆಗೆ ಅಜ್ಜನ ಕಾಲದಿಂದ ಅದೇ ಹೆಸರು. ಕಣ್ಣು ಮಂಜಾಗಿ ನಾನು ಕೆಲಸ ಬಿಟ್ಟ ಮೇಲೆ ಅಲ್ಲಿಗೆ ಮಂಚ ಬಂತು, ಹೆಸರು ಮಾತ್ರ ಹೋಗಲಿಲ್ಲ. ಇನ್ಸ್‌ಪೆಕ್ಟರು ಅವಳ ಮಾತಿನಲ್ಲಿ ಕಾರ್ಖಾನೆಯನ್ನು ಬರೆದುಕೊಂಡರು, ಊಟವನ್ನೂ ನಿದ್ದೆಯನ್ನೂ ಬಿಟ್ಟರು.

ಹಾರೋಹಳ್ಳಿಯ ಕಾರ್ಖಾನೆಗಳನ್ನು ತಾವು ನೋಡಿರಬೇಕು. ಅಲ್ಲಿ ಸೈರನ್ ಕೂಗುತ್ತದೆ, ಬಸ್ಸಿನಿಂದ ಜನ ಇಳಿಯುತ್ತಾರೆ. ನನ್ನಲ್ಲಿ ಇಳಿಯುವವನು ನಾನೊಬ್ಬನೇ, ಅದೂ ಮಂಚದಿಂದ. ಸೈರನ್ನಿನ ಬದಲು ಗೊರಕೆಯಿದೆ ಎಂದು ಮುನವ್ವರಾ ಹೇಳುತ್ತಾಳೆ. ಅದಕ್ಕೂ ಕಂದಾಯ ಉಂಟೇ?

ಕಚೇರಿಗೆ ಬಂದು ಕೇಳಿದ್ದಕ್ಕೆ ನಿಮ್ಮ ಗುಮಾಸ್ತರು, "ಆ ಹಳೇ ಲೇತ್ ಐತಲ್ಲ ಸಾಬ್ರೇ, ಅದ್ನ ಗುಜರಿಗೆ ಹಾಕ್ಬುಟ್ಟು ಫೋಟೋ ತನ್ನಿ, ಮನೆ ಅಂತ ಬರ್ಕೋತೀವಿ" ಎಂದರು. ಸ್ವಾಮಿ, ಅದು ನನ್ನ ತಂದೆ ಗೊಂಬೆ ಕಡೆಯುತ್ತಿದ್ದ ಯಂತ್ರ. ಈ ಮನೆಯ ಗೋಡೆ ಎದ್ದದ್ದೇ ಅದರ ದುಡಿಮೆಯಿಂದ. ಈಗ ಅದರ ಮೇಲೆ ಒದ್ದೆ ಟವೆಲು ಒಣಗುತ್ತದೆ. ಮನೆ ಎನಿಸಿಕೊಳ್ಳಲು ಮನೆ ಕಟ್ಟಿದ್ದನ್ನೇ ಗುಜರಿಗೆ ಹಾಕಬೇಕೇ? ಈ ಮಾತಿಗೆ ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಆದ್ದರಿಂದ ತಾವೇ ಬನ್ನಿ, ಊಟದ ಹೊತ್ತಿಗೇ ಬನ್ನಿ. ಮಂಚದ ಮೇಲೆ ಕೂತು ಕಣ್ಣಾರೆ ನೋಡಿ, ಮನೆ ಎಂದು ತಿದ್ದಿ, ಸಾರಿದ ಮಾಫಿ ಕೊಡಿ. ಯಂತ್ರ ಇದ್ದಲ್ಲೇ ಇರುತ್ತದೆ. ಬೇಕಾದರೆ ಕೋಣೆಯ ಹೆಸರು ಬದಲಿಸೋಣ ಎಂದು ಅದನ್ನೂ ಮಾಡಿ ನೋಡಿದೆವು. ಮೊನ್ನೆ ಮಟಮಟ ಮಧ್ಯಾಹ್ನ ಗೆಳೆಯ ಕಾಡಸಿದ್ದಪ್ಪ ಬಂದಾಗ ಮುನವ್ವರಾ, "ಬೆಡ್‌ರೂಮಲ್ಲವ್ರೆ, ಒಳಿಕ್ಕೆ ಹೋಗಣ್ಣ" ಎಂದಳು. ಆತ ನಾಚಿ, ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿ ಹೋದವನು ಇನ್ನೂ ಈ ಕಡೆ ತಲೆ ಹಾಕಿಲ್ಲ.

ಇಂತಿ,
ಮನೆಯಲ್ಲೇ ಇದ್ದರೂ ಮನೆಯಿಲ್ಲದ ಕಾರ್ಖಾನೆ ಮಾಲೀಕ,
ಶುಕೂರ್